ಉಂಡ ಮನೆಯ ಹೆಸರು

ಮಸ್ಕಿ
12 ಆಗಸ್ಟ್ 2025

ಪ್ರೀತಿಯ ಫೈಜಲಣ್ಣನಿಗೆ ತಂಗಿ ಅಂಜುಮ್ ಮಾಡುವ ಸಲಾಮು.

ಹೇಗಿದ್ದೀ? ಟೈಲ್ಸ್ ಕೂಡಿಸಿ ಕೂಡಿಸಿ ನಿನ್ನ ಮೊಣಕಾಲು ಊದಿದೆ ಎಂದು ಊರಿಗೆ ಬಂದ ನಿನ್ನ ಜೊತೆಯವರು ಹೇಳಿದರು. ಗೋವಾದ ಮಳೆಯಲ್ಲಿ ಒದ್ದೆ ಬಟ್ಟೆಯನ್ನು ಮೈಮೇಲೇ ಒಣಗಿಸಿಕೊಳ್ಳಬೇಡ. ಇಲ್ಲಿ ಅಮ್ಮ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ, ಅಷ್ಟೇ ಸಮಾಧಾನ. ನೀನು ಫೋನ್ ಎತ್ತುವುದಿಲ್ಲ, ಮೆಸೇಜ್ ನೋಡಿಯೂ ಸುಮ್ಮನಿರುತ್ತೀ. ಸಿಟ್ಟು ಬಂದರೆ ಎಮ್ಮೆಯಂತೆ ನಿಂತಲ್ಲೇ ನಿಲ್ಲುವುದು ನಿನ್ನ ಹುಟ್ಟುಗುಣ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ, ಇದನ್ನಾದರೂ ಹರಿಯದೆ ಓದು.

ಅಬ್ಬಾ ತಾನೇ ಕಟ್ಟಿ ಹಾಡಿದ ಮೊಹರಂ ಪದದ ವಿಡಿಯೋ ಯೂಟ್ಯೂಬಿಗೆ ಇನ್ನೂ ಮರಳಿಲ್ಲ. ಅಬ್ಬಾ ತೀರಿಕೊಳ್ಳುವ ಹಿಂದಿನ ವರ್ಷ ನಮ್ಮ ಅಂಗಳದಲ್ಲಿ ನಾನೇ ತೆಗೆದದ್ದು. ಆ ಫೋನ್ ಕೆಟ್ಟಾಗ ಸಿಂಧನೂರಿನ ರಿಪೇರಿಯವರೂ ಕೈ ಚೆಲ್ಲಿದರು, ಹಾಗಾಗಿ ಅದು ಉಳಿದಿದ್ದು ಯೂಟ್ಯೂಬಿನಲ್ಲಿ ಮಾತ್ರ. ಈಗ ಆಡಿಯೋ ಕಂಪನಿಯವರು ಪದದ ಹಕ್ಕು ತಮ್ಮದೆಂದು ದೂರು ಕೊಟ್ಟು ತೆಗೆಸಿದ್ದಾರೆ; ನಮಗೂ ತೆರೆಯುತ್ತಿಲ್ಲ. ಹೆತ್ತ ಅಪ್ಪನ ದನಿ ಕೇಳಲು ಮಂದಿಯ ಅಪ್ಪಣೆ ಬೇಕಾಯಿತು, ನೋಡು.

ಅಬ್ಬಾನ ರೂಢಿ ನಿನಗೆ ಗೊತ್ತೇ ಇದೆ. ಬೇರೆ ಮೇಳದವರು ಕಡೆಯ ನುಡಿಯಲ್ಲಿ ಪದ ಕಟ್ಟಿದವನ ಹೆಸರು ಹಾಕಿದರೆ, ಅಬ್ಬಾ ಮೇಳಕ್ಕೆ ಊಟ ಹಾಕಿದ ಯಜಮಾನನ ಹೆಸರು ಹಾಕುತ್ತಿದ್ದ. "ಉಂಡ ಮನಿ ಹೆಸರು ಪದದಾಗ ಇರಬೇಕಲೇ, ನಮ್ಮ ಹೆಸರು ತಗೊಂಡು ಏನ್ ಮಾಡೂದೈತಿ" ಎನ್ನುತ್ತಿದ್ದ. ಈ ಪದವನ್ನು ಗುರುಗುಂಟಾದಲ್ಲಿ, ಮೇಳಕ್ಕೆ ಊಟ ಹಾಕಿದ ಅಮರಗುಂಡಪ್ಪನವರ ಕಟ್ಟೆಯ ಮೇಲೆ ಕಟ್ಟಿ, 'ಅಮರಗುಂಡಪ್ಪನ ಪದ' ಎಂದೇ ಮುಗಿಸಿದ. ಆ ಮರ್ಯಾದೆಯೇ ಈಗ ನಮ್ಮ ಎದುರು ಸಾಕ್ಷಿ ಹೇಳುತ್ತಿದೆ. ಕಂಪನಿಗೆ ಪದ ಕೊಟ್ಟವನು ಅಮರಗುಂಡಪ್ಪನವರ ಮೊಮ್ಮಗ ಸಿದ್ದರಾಮ. ಜಗಳ ಮಾಡಿಯೇ ಬರಬೇಕೆಂದು ಅವನ ಮನೆಗೆ ಹೋದೆ. ಅವನು ಚಹಾ ಕೊಟ್ಟು, "ಅಂಜುಮಕ್ಕ, ಕಡೀ ನುಡಿಯೊಳಗ ನಮ್ಮ ಮುತ್ಯಾನ ಹೆಸರೈತಿ. ಸಣ್ಣಾಂವ ಇದ್ದಾಗಿಂದ ಮುತ್ಯಾನ ಪದ ಅಂತನ ಕೇಳೀನಿ, ನಾ ಏನ್ ಕದ್ದೀನೇನು?" ಎಂದ. ಹಾಗೆ ನಂಬಿಕೊಂಡೇ ಬೆಳೆದವನು. ಚಹಾ ಕುಡಿದು ಎದ್ದು ಬಂದೆ.

ಲಿಂಗಸುಗೂರಿನ ವಕೀಲೆ ರೇಣುಕಾದೇವಿಯವರು ಎರಡು ದಾರಿ ಹೇಳಿದರು. ನಾವು ಎದುರು ತಕರಾರು ಹಾಕಿದರೆ ಕಂಪನಿ ಕೋರ್ಟಿಗೆ ಹೋಗುತ್ತದೆ. ಪದ ಅಬ್ಬಾನದೇ ಎಂದು ನಾವು ತೋರಿಸಬೇಕು. ಸಾಕ್ಷಿ ಹೇಳಲು ಮೇಳದಲ್ಲಿ ದನಿಗೂಡಿಸಿದವರು ಯಾರೂ ಈಗಿಲ್ಲ. ಇಲ್ಲವೇ ಪದ ಅಮರಗುಂಡಪ್ಪನವರದೆಂದು ಅಮ್ಮ, ನೀನು, ನಾನು ಒಪ್ಪಿ ಬರೆದುಕೊಟ್ಟರೆ ಕಂಪನಿ ದೂರು ಹಿಂದಕ್ಕೆ ತೆಗೆದುಕೊಳ್ಳುತ್ತದೆ, ವಿಡಿಯೋ ಮರಳುತ್ತದೆ. ಇದನ್ನು ಹೇಳಿದ್ದಕ್ಕೇ ಅಲ್ಲವೇ ನೀನು, "ಸಹಿ ಮಾಡಿದವರು ನನ್ನ ಕೂಡ ಮಾತಾಡಬ್ಯಾಡ್ರಿ" ಎಂದು ಫೋನ್ ಇಟ್ಟದ್ದು? ನಿನ್ನದು ತಪ್ಪೆನ್ನಲಾರೆ. ಅಬ್ಬಾ ಕಟ್ಟಿದ್ದನ್ನು ಅಬ್ಬಾನದಲ್ಲ ಎಂದು ಬರೆಯಲು ನನಗೂ ಮನಸ್ಸಿಲ್ಲ. ನಾನಿನ್ನೂ ಸಹಿ ಮಾಡಿಲ್ಲ.

ಮೊಣಕಾಲಿಗೆ ಬಿಸಿ ಎಣ್ಣೆ ತಿಕ್ಕಿಕೋ. ಅಮ್ಮ ನಿನಗೆ ದುವಾ ಹೇಳಿದ್ದಾಳೆ.

ನಿನ್ನ ತಂಗಿ,
ಅಂಜುಮ್

ತಾ.ಕ.: ಲಕೋಟೆ ಅಂಟಿಸಲು ಹೋದಾಗ ಅಮ್ಮ ಕೈ ಹಿಡಿದಳು. ವಕೀಲೆ ಕೊಟ್ಟ ಒಪ್ಪಿಗೆ ಕಾಗದಕ್ಕೆ ಅವಳು ನಿನ್ನೆಯೇ ಹೆಬ್ಬೆಟ್ಟು ಒತ್ತಿದ್ದಾಳೆ. ನಾನು ಕೂಗಾಡಿಬಿಟ್ಟೆ. ಆಗ ಹೇಳಿದಳು, ಇಷ್ಟು ದಿನ ವಿಡಿಯೋ ಹಾಕಿಸಿಕೊಂಡು ಅವಳು ಕೇಳುತ್ತಿದ್ದದ್ದು ಪದವನ್ನಲ್ಲವಂತೆ. ಪದ ಮುಗಿದ ಮೇಲೆ, ನಾನು ವಿಡಿಯೋ ನಿಲ್ಲಿಸುವ ಮುಂಚೆ, ಅಬ್ಬಾ "ಮಾಸುಂಬೀ, ನೀರ ತಾ" ಎಂದು ಕೂಗಿದ್ದಾನೆ. ಬದುಕಿದ್ದ ತನಕ 'ಫೈಜಲ್‌ನ ಅಮ್ಮಾ' ಎಂದೇ ಕರೆದವನು, ಅಮ್ಮನನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ. "ಪದ ಯಾರದರ ಆಗಲಿ, ಆ ಕೂಗು ನಂದೈತಿ. ಫೈಜಲ್‌ಗ ಹೇಳು" ಎಂದು ಅತ್ತಳು. ನಾನೂ ಈಗಷ್ಟೇ ಸಹಿ ಮಾಡಿದೆ, ಅಣ್ಣಾ. ಕಾಗದ ಇದರ ಜೊತೆಗಿದೆ, ನಿನ್ನ ಹೆಸರಿನ ಜಾಗ ಖಾಲಿ ಇದೆ.