ಹದಿನಾಲ್ಕು ಕಿಲೋ

ನವೆಂಬರ್ 14, ಗುರುವಾರ. ಸ್ವಾನ್ಸೀ.

ತಲೆ ಕೆಟ್ಟುಹೋಗಿದೆ. ವಿಶ್ವವಿದ್ಯಾಲಯದ ರಗ್ಬಿ ತಂಡದಲ್ಲಿ ನಾನು ಹಿಂದಿನ ಸಾಲಿನಿಂದ ಓಡುತ್ತಿದ್ದವನು, ನಾಯಕ ಕೂಡ ಆಗಿದ್ದೆ. ವೃತ್ತಿಪರ ಕ್ಲಬ್ ಸೇರಿದ ದಿನವೇ ಅಲ್ಲಿ ಆಗ ಇದ್ದ ಕೋಚ್, "ಓಡಿದ್ದು ಸಾಕು, ದಪ್ಪ ಆಗು, ಮುಂದಿನ ಸಾಲಲ್ಲಿ ನಿಂತು ಎದುರಾಳಿಗಳನ್ನ ತಳ್ಳು" ಎಂದಿದ್ದ. ಎರಡು ವರ್ಷ ಹಸಿವಿಲ್ಲದೆಯೂ ತಿಂದೆ. ಅಮ್ಮನ ಕುರಿಮಾಂಸದ ಸಾರು ಕಂಡರೆ ಈಗ ತಟ್ಟೆ ದೂರ ಸರಿಸುತ್ತೇನೆ. ಹದಿನಾಲ್ಕು ಕಿಲೋ ಏರಿದೆ. ಆಡಿದ್ದು ಮಾತ್ರ ಬದಲಿ ಆಟಗಾರನಾಗಿ, ಒಟ್ಟು ಇಪ್ಪತ್ತು ನಿಮಿಷ.

ಇವತ್ತು ಹೊಸ ಕೋಚ್ ಗೆಥಿನ್ ಎಲ್ಲರೆದುರೇ ಹೇಳಿದ: "ಏನಪ್ಪಾ ಎಮ್ರಿಸ್, ಗಬ್ಬದ ಕುರಿ ಥರ ಓಡ್ತೀಯಲ್ಲ. ತೂಕ ಇಳಿಸು, ಮತ್ತೆ ಹಿಂದಿನ ಸಾಲಿಗೆ ಹಾಕ್ತೀನಿ."

ಎಲ್ಲರೂ ನಕ್ಕರು.

"ಇಳಿಸಲ್ಲ," ಎಂದೆ. "ಶನಿವಾರದ ಪಂದ್ಯದಲ್ಲಿ ಮುಂದಿನ ಸಾಲಲ್ಲೇ ನಿಲ್ಲಿಸಿ. ಒಂದು ಗೇಣು ಹಿಂದೆ ಸರಿದ್ರೆ ಸೋಮವಾರದಿಂದ ಬರಲ್ಲ."

ಗೆಥಿನ್ ಜೇಬಿನಿಂದ ಪೆನ್ನು ತೆಗೆದ. "ಆಯ್ತು ಮಾರಾಯ, ಮೊದಲ ನಿಮಿಷದಿಂದ ನೀನೇ," ಎಂದು ಪಟ್ಟಿಯಲ್ಲಿ ನನ್ನ ಹೆಸರು ಬರೆದೇಬಿಟ್ಟ.

ನನ್ನೆದುರು ನಿಲ್ಲುವವನು ಯಾರೆಂದು ಮನೆಗೆ ಬಂದ ಮೇಲೆ ನೋಡಿದೆ. ನೂರ ಮೂವತ್ತು ಕಿಲೋ. ನಾನೂ ಎಲ್ಲರ ಜೊತೆ ನಕ್ಕು ಸುಮ್ಮನಿರಬಹುದಿತ್ತು. ಶನಿವಾರ ಮಗ ಮೊದಲ ನಿಮಿಷದಿಂದ ಆಡ್ತಾನೆ ಅಂತ ಅಪ್ಪ ಆಗಲೇ ಇಡೀ ಬೀದಿಗೆ ಹೇಳಿಯೂ ಆಗಿದೆ, ಇನ್ನು ನಾನು ಹಿಂದೆ ಸರಿಯುವಂತಿಲ್ಲ.