ಮೂಲೆಯ ತುತ್ತು

ಆಗಸ್ಟ್ 5, ಮಂಗಳವಾರ

ಇವತ್ತೂ ಎರಡು ಸೂಜಿ ಮುರಿದವು. ಒಂದರ ತುಂಡು ಹಾರಿ ಕನ್ನಡಕಕ್ಕೆ ಬಡಿಯಿತು. ಕನ್ನಡಕ ಇರದಿದ್ದರೆ ಕಣ್ಣೇ ಹೋಗುತ್ತಿತ್ತು. ಕೌದಿಗೆ ಏಳು ಪದರ ಹಳೇ ಸೀರೆ, ಈ ದರಿದ್ರ ಮಶಿನ್‌ಗೆ ಅದನ್ನು ದಾಟುವ ತಾಕತ್ತಿಲ್ಲ. ರಿಪೇರಿಯ ಆಂಜನೇಯನನ್ನು ಕರೆಸಿದೆ. ಎಣ್ಣೆ ಬಿಟ್ಟ, ಬೆಲ್ಟ್ ಬಿಗಿ ಮಾಡಿದ, ಚಹಾ ಕುಡಿದ. "ಅಕ್ಕಾರ, ಇದು ಜಂಪರ್ ಹೊಲಿಯೋ ಮಶಿನ್ರಿ. ಇದರಾಗ ಕೌದಿ ಹೊಲದ್ರ ಅದರ ತಪ್ಪೇನೈತ್ರಿ?" ಅಂದ. ಬುದ್ಧಿ ಹೇಳುವುದಕ್ಕೆ ಬಂದ!

ಮಶಿನ್ ಮಾಡುವವರು ಒಂದು ದಿನ ಗಂಗಾವತಿಗೆ ಬಂದು, ಈ ಸೆಕೆಯಲ್ಲಿ ಕೂತು ಒಂದೇ ಒಂದು ಕೌದಿ ಹೊಲಿದು ನೋಡಲಿ. ನನ್ನನ್ನು ಕೇಳಿದರೆ ನಾಲ್ಕೇ ನಾಲ್ಕು ಹೇಳುತ್ತೇನೆ. ಸೂಜಿ ತಾನೇ ದಾರ ಪೋಣಿಸಿಕೊಳ್ಳಬೇಕು. ಖಟಖಟ ಸದ್ದು ಇರಬಾರದು. ಮೂರನೆಯದು, ಕಾಲಿಲ್ಲದೆ ಓಡಬೇಕು — ನನ್ನ ಮೊಣಕಾಲು ಸತ್ತೇ ಹೋಗಿವೆ. ನಾಲ್ಕು, ಬಾಬಿನ್‌ನ ದಾರ ಮುಗಿಯಲೇಬಾರದು.

ಅತ್ತೆಗೆ ಓದಿ ಹೇಳಿದೆ. ಅತ್ತೆ ಸೈದಾನಬಿಗೆ ಎಪ್ಪತ್ತೆಂಟು. ಬಾಯಲ್ಲಿ ಒಂದು ಹಲ್ಲಿಲ್ಲ, ಆದರೆ ಈಗಲೂ ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುತ್ತಾರೆ. ಬಿದ್ದು ಬಿದ್ದು ನಕ್ಕರು. "ಕುಣಿಯಾಕ ಬರದಾಕಿ ನೆಲಾ ಡೊಂಕ ಅಂದ್ಲಂತ!"

ಸಿಟ್ಟು ಬಂತು. ನಗುವೂ ಬಂತು.

ಆಗಸ್ಟ್ 6, ಬುಧವಾರ, ಸಂಜೆ

ಜಾಸ್ಮೀನಳ ಕೂಸಿನ ಕೌದಿ ಮುಗಿಯಿತು. ಮಗಳು ಚೊಚ್ಚಲ ಹೆರಿಗೆಗೆ ಗಿಣಿಗೇರಾದಿಂದ ತಿಂಗಳ ಕೊನೆಗೆ ಬರುತ್ತಾಳೆ. ಕೌದಿಗೆ ಹಾಕಿದ್ದೆಲ್ಲ ಅತ್ತೆ ಉಟ್ಟು ಉಟ್ಟು ಮೆತ್ತಗಾದ ಸೀರೆಗಳು.

ಒಂದು ಮಾತು. ಇಲ್ಲಿ ಮಾತ್ರ ಬರೆಯುತ್ತೇನೆ. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆಯನ್ನು ತೆರೆದಿಡುತ್ತಾರೆ. ಒಳಗೆ ಒಂದು ತುತ್ತು ಮಲೀದ, ಅಂದರೆ ರೊಟ್ಟಿ ಮುರಿದು ಬೆಲ್ಲ ಕಲಸಿದ್ದು, ಇಟ್ಟು ಆಮೇಲೆ ಕೈಯಿಂದಲೇ ಮೂಲೆ ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ನನಗೆ ಅವಸರ. ಬೆಲ್ಲ ಇಟ್ಟರೆ ಇರುವೆ ಬರುತ್ತವೆ, ಕೂಸಿಗೆ ಹೊದಿಸುವುದಲ್ಲವೇ? ಮೂಲೆಯನ್ನೂ ಮಶಿನ್ ಕೆಳಗೆ ತಳ್ಳಿದೆ. ಮುಚ್ಚಿತು. ಒಳಗೆ ಏನೂ ಇಲ್ಲ.

ಅತ್ತೆ ಕೇಳಿದರು. "ಹೊಟ್ಟಿ ತುಂಬಿಸಿದೇನಬೇ?"

"ಹೂನ್ರಿ ಅತ್ತಿ" ಅಂದೆ.

"ಛಲೋ ಆತು. ಹಸದ ಕೌದಿ ಬಾಯಿ ಮುಚ್ಚಿದ್ರ ಅದು ಸುಮ್ನ ಕುಂದ್ರಂಗಿಲ್ಲ. ಯಾರ ಸೀರಿ ಹಾಕೀವಿ ಅವರ ಹತ್ರ ಹೋಗಿ ತನ್ನ ತುತ್ತು ತಾನ ಇಸ್ಕೊಂತೈತಿ."

ಹಳೇ ಕಾಲದವರ ಮಾತು. ಕೌದಿ ಮಡಚಿ ಮಶಿನ್ ಮೇಲಿಟ್ಟೆ.

ಆಗಸ್ಟ್ 9, ಶನಿವಾರ

ಬೆಳಿಗ್ಗೆ ಕೂತರೆ ಸೂಜಿಯಲ್ಲಿ ದಾರ ಇತ್ತು. ನಿನ್ನೆ ನಾನೇ ತೆಗೆದಿಟ್ಟಿದ್ದೆ... ತೆಗೆದಿರಲಿಲ್ಲವೇನೋ. ಬೇಕೆಂದೇ ಕಿತ್ತೆ. ನೀರು ಕುಡಿದು ಬಂದೆ. ಪೋಣಿಸಿತ್ತು. ಕೆಂಪು ರೀಲು ಹಾಕಿ ಬೆನ್ನು ತಿರುಗಿಸಿ ನಿಂತೆ. ತಿರುಗಿದರೆ ಸೂಜಿಯ ಕಣ್ಣಲ್ಲಿ ಕೆಂಪು ದಾರ.

ಅತ್ತೆಯದೇ ಚೇಷ್ಟೆ ಇರಬೇಕೆಂದು ಒಳಗೆ ಓಡಿದೆ. ಅತ್ತೆ ಬಸಿಗೆಂದು ಚಹಾವನ್ನು ಅದರ ಪಕ್ಕದ ನೆಲಕ್ಕೆ ಸುರಿಯುತ್ತ ಕೂತಿದ್ದರು.

"ಯಾಕೋ ಏನೂ ಕಾಣವಲ್ದು ನೋಡಬೇ. ಕಣ್ಣಾಗ ಹತ್ತಿ ತುಂಬಿದಂಗ ಐತಿ."

ಆಗಸ್ಟ್ 12, ಮಂಗಳವಾರ

ಕಣ್ಣಿನ ಡಾಕ್ಟರ್ ಲೈಟ್ ಬಿಟ್ಟು ನೋಡಿದರು. ಪೊರೆ ಇಲ್ಲ, ನರ ಸರಿ ಇದೆ, ಕಣ್ಣು ಗಟ್ಟಿ ಇವೆ ಎಂದರು. ಅತ್ತೆ ಮಾತ್ರ ಗೋಡೆ ತಡವಿಕೊಂಡು ನಡೆಯುತ್ತಿದ್ದಾರೆ.

ಇವತ್ತು ನಾಲ್ಕು ಜಂಪರ್ ಹೊಲಿದೆ. ಒಂದು ಸಲವೂ ದಾರ ಪೋಣಿಸಲಿಲ್ಲ. ಖುಷಿಯಾಯಿತು ಎಂದು ಬರೆಯಲು ನಾಚಿಕೆ. ಆದರೆ ಆಯಿತು.

ಆಗಸ್ಟ್ 16, ಶನಿವಾರ, ಮಧ್ಯಾಹ್ನ 1

ಮಶಿನ್‌ನ ಸದ್ದು ನಿಂತಿದೆ. ಚಕ್ರ ತಿರುಗುತ್ತದೆ, ಸೂಜಿ ಏರಿಳಿಯುತ್ತದೆ, ಹೊಲಿಗೆ ಬೀಳುತ್ತದೆ. ಸದ್ದಿಲ್ಲ. ಫ್ಯಾನಿನ ಸದ್ದು ಕೇಳುತ್ತದೆ, ಪಕ್ಕದ ಮನೆಯ ಕುಕ್ಕರ್ ಕೇಳುತ್ತದೆ. ಕೈ ತೆಗೆದುಬಿಟ್ಟೆ.

ನನ್ನ ಗಂಡ ಶಬ್ಬೀರ ರೈಸ್ ಮಿಲ್‌ನಿಂದ ಊಟಕ್ಕೆ ಬಂದರು. ಒಳಗಿನಿಂದ ಕೂಗಿದರು. "ಅವ್ವಗ ಏನಾತು? ಬಾಯಿ ತಗೀತಾಳ, ಮಾತ ಬರವಲ್ದು!"

ಹೋಗಿ ನೋಡಿದೆ. ಅತ್ತೆಯ ತುಟಿ ಅಲ್ಲಾಡುತ್ತಿತ್ತು. ಮುಬಾಶಿರಾ ಎಂದು ನನ್ನ ಹೆಸರನ್ನೇ ಕರೆಯುತ್ತಿದ್ದರು. ತುಟಿಯಿಂದ ಗೊತ್ತಾಯಿತು.

ಆಗಸ್ಟ್ 17, ಭಾನುವಾರ

ಐದನೇ ತಾರೀಖಿನ ಪುಟ ತೆಗೆದು ಓದಿದೆ. ಸೂಜಿ — ಅತ್ತೆಯ ಕಣ್ಣು. ಸದ್ದು — ಅತ್ತೆಯ ದನಿ. ನಾನು ಬರೆದ ಸಾಲಿನಂತೆಯೇ. ಹಸಿದ ಕೌದಿ ಅವರದ್ದನ್ನು ತಿನ್ನುತ್ತಿದೆ, ತಿಂದದ್ದನ್ನು ನನ್ನ ಮಶಿನ್‌ಗೆ ತಂದು ಕೊಡುತ್ತಿದೆ.

ಮೂರನೆಯದು ಕಾಲು.

ಓಡಿ ಹೋಗಿ ಅತ್ತೆಯ ಪಾದ ಮುಟ್ಟಿದೆ. ಬೆಚ್ಚಗಿದ್ದವು. ಬೆರಳು ಅಲ್ಲಾಡಿಸಿ ತೋರಿಸಿದರು. ಬಂದು ಆ ಪುಟದ ಮೇಲೆ ಅಡ್ಡ ಗೀಟು ಎಳೆದೆ. ಮಶಿನ್‌ನ ಬೆಲ್ಟ್ ಕಳಚಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಮೂಲೆ ಬಿಚ್ಚೋಣವೆಂದು ಎರಡು ಸಲ ಕತ್ತರಿ ಹಿಡಿದೆ. ಧೈರ್ಯ ಬರಲಿಲ್ಲ. ಒಳಗೆ ಏನಾದರೂ ಇದ್ದರೆ?

ಆಗಸ್ಟ್ 22, ಶುಕ್ರವಾರ

ಬೆಲ್ಟ್ ಡಬ್ಬಿಯಲ್ಲೇ ಇದೆ. ಮಶಿನ್ ಓಡುತ್ತಿತ್ತು. ಸದ್ದೇ ಇಲ್ಲದ್ದು, ಎಷ್ಟು ಹೊತ್ತಿನಿಂದ ಓಡುತ್ತಿತ್ತೋ ಯಾರಿಗೆ ಗೊತ್ತು. ಪೆಡಲ್ ತಾನೇ ಏಳುತ್ತಿತ್ತು, ಬೀಳುತ್ತಿತ್ತು. ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಸೊಂಟದ ಕೆಳಗೆ ಚಿವುಟಿದರೂ ತಿಳಿಯುವುದಿಲ್ಲ.

ಗಂಡನಿಗೆ ಎಲ್ಲ ಹೇಳಿಬಿಟ್ಟೆ. ನನ್ನ ಸುಳ್ಳನ್ನೂ.

"ತೆಲಿ ಕೆಟ್ಟೈತೇನ ನಿಂದು? ವಯಸ್ಸಾಗೇತಿ ಅವ್ವಗ. ಕೌದಿ ಮನಷ್ಯಾರನ್ನ ತಿಂತೈತೇನ?" ಎಂದರು. ಆದರೂ ಹೊರಗೆ ಹೋಗುವಾಗ ಮಶಿನ್ ಕಡೆ ನೋಡಲಿಲ್ಲ. ಗೋಡೆಗೆ ಒರಗಿಕೊಂಡು ದಾಟಿದರು.

ಈಗ ನಾನೇ ಅತ್ತೆಗೆ ಉಣಿಸುತ್ತೇನೆ. ಹಲ್ಲಿಲ್ಲದ ವಸಡಿನಲ್ಲಿ ನನ್ನ ಬೆರಳ ತುದಿಯನ್ನು ಒಂದು ಕ್ಷಣ ಹಿಡಿದು ಬಿಡುತ್ತಾರೆ, ಕೂಸಿನ ಹಾಗೆ. ಮದುವೆಯಾಗಿ ಬಂದಾಗ ನನಗೆ ಸೂಜಿ ಹಿಡಿಯುವುದನ್ನು ಕಲಿಸಿದವರು. ನನ್ನ ತಾಯಿ ಕೂಡ ನನ್ನನ್ನು ಅಷ್ಟು ಬೈದಿಲ್ಲ, ಅಷ್ಟು ಪ್ರೀತಿಸಿಯೂ ಇಲ್ಲ. ಸುಳ್ಳು ಹೇಳಿದ್ದು ಅವರಿಗೆ.

ಆಗಸ್ಟ್ 26, ಮಂಗಳವಾರ

ಬಾಬಿನ್.

ಶುಕ್ರವಾರದಿಂದ ತುಂಬಿಲ್ಲ. ಮಶಿನ್ ನಿಲ್ಲುತ್ತಿಲ್ಲ. ಬಟ್ಟೆ ಇಲ್ಲದೆಯೇ ಹೊಲಿಯುತ್ತಿದೆ, ದಾರ ಕೆಳಗೆ ಗುಪ್ಪೆ ಬಿದ್ದಿದೆ. ಇವತ್ತು ಬಾಬಿನ್ ತೆಗೆದು ನೋಡಿದೆ. ತುಂಬಿದೆ.

ಅತ್ತೆಯ ಉಸಿರು ಎಳೆ ಎಳೆಯಾಗಿ ಬರುತ್ತಿದೆ. ಒಂದು ಬಂದ ಮೇಲೆ ಇನ್ನೊಂದಕ್ಕೆ ಕಾಯಬೇಕು. ಡಾಕ್ಟರ್ ಕೈ ಚೆಲ್ಲಿದರು. ಜಾಸ್ಮೀನ ಫೋನ್ ಮಾಡಿದ್ದಳು. "ಶುಕ್ರವಾರ ಬರ್ಲೇನಮ್ಮಾ?" ಅಂದಳು. ಬೇಡ, ನಾನು ಹೇಳುವ ತನಕ ಈ ಮನೆಗೆ ಕಾಲಿಡಬೇಡ ಅಂದೆ. ಅತ್ತುಬಿಟ್ಟಳು.

ಆಗಸ್ಟ್ 27, ಬುಧವಾರ, ಬೆಳಿಗ್ಗೆ 11

ಇವತ್ತು ಗಣಪತಿ ಹಬ್ಬ. ಓಣಿಯ ತುಂಬ ಹಲಗೆ ಬಾರಿಸುವ ಸದ್ದು. ಇವರು ಮಿಲ್‌ಗೆ ಹೋಗಿದ್ದಾರೆ. ಬಿಸಿ ರೊಟ್ಟಿ ಮುರಿದು, ಬೆಲ್ಲ ಹಾಕಿ ಮಲೀದ ಕಲಸಿದೆ. ಇನ್ನು ಹೆದರಿ ಕೂರುವ ಹೊತ್ತಲ್ಲ.

ಕೌದಿಯ ಮೇಲೆ ಕೈ ಇಟ್ಟು ಬಾಯಿಬಿಟ್ಟು ಹೇಳಿದೆ. "ತಪ್ಪು ನಂದು. ಅತ್ತಿದು ಅತ್ತಿಗೆ ಕೊಟ್ಟುಬಿಡು. ನಂದು ಏನ ಬೇಕು ತಗೋ."

ಮಶಿನ್ ನಿಂತಿತು.

ಅದೇ ದಿನ, 11.40

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ಮೂಲೆ ಬಿಚ್ಚಿದೆ. ಒಳಗೆ ಬೆಚ್ಚಗಿತ್ತು. ತುತ್ತು ಹಿಡಿದು ಬಲಗೈ ಹಾಕಿದೆ. ಗೇಣುದ್ದದ ಮೂಲೆ ಮುಗಿಯಲೇ ಇಲ್ಲ — ಅಂಗೈ ಹೋಯಿತು, ಮಣಿಕಟ್ಟು ಹೋಯಿತು. ಆಮೇಲೆ ಒಂದು ಬಾಯಿ ತುತ್ತು ತೆಗೆದುಕೊಂಡಿತು. ಮೆಲ್ಲಗೆ. ಹಲ್ಲಿಲ್ಲದ ವಸಡು. ದಿನಕ್ಕೆ ಮೂರು ಹೊತ್ತು ಉಣಿಸುವ ಬಾಯಿ, ನನಗೆ ಗುರುತು ಸಿಗದೆ ಇರುತ್ತದೆಯೇ!

"ಬೆಲ್ಲ ಕಡಿಮಿ ಆಗೇತಿ."

ಅತ್ತೆಯ ದನಿ! ಹಾಸಿಗೆಯ ಮೇಲೆ ಎದ್ದು ಕೂತಿದ್ದಾರೆ. ನನ್ನನ್ನೇ ನೋಡುತ್ತಿದ್ದಾರೆ, ಕಣ್ಣು ಕಾಣುತ್ತಿವೆ. ಜೋರಾಗಿ ಅತ್ತುಬಿಟ್ಟೆ. ಇಷ್ಟು ಸಂತೋಷ ಜಾಸ್ಮೀನ ಹುಟ್ಟಿದಾಗಲೂ ಆಗಿರಲಿಲ್ಲ.

ಆದರೆ ಬೆರಳು ಬಿಡುತ್ತಿಲ್ಲ. ಅತ್ತೆಯಾದರೆ ಕ್ಷಣ ಹಿಡಿದು ಬಿಡುತ್ತಾರೆ. ಇದು ಬಿಡುತ್ತಿಲ್ಲ. ಬೆರಳು ಇವೆಯೋ ಇಲ್ಲವೋ ಅದೂ ತಿಳಿಯುತ್ತಿಲ್ಲ.

ಅತ್ತೆ ನಡೆದು ಬಂದರು. ಕನ್ನಡಕವಿಲ್ಲದೆ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸಿದರು. "ತುತ್ತು ತಣ್ಣಗಾಗೋದ್ರಾಗ ಬಾಯಿ ಮುಚ್ಚಬೇಕಬೇ. ಕೈ ತಗಿ" ಎಂದರು.

ಬರವಲ್ದ್ರಿ ಅತ್ತಿ, ಅಂದೆ. ಓಣಿಯ ಹಲಗೆ ಕೇಳುತ್ತಿದೆ. ಅತ್ತೆಯ ಬಳೆ ಕೇಳುತ್ತಿದೆ. ನನ್ನ ಮಾತು ನನಗೇ ಕೇಳಲಿಲ್ಲ. ಮತ್ತೆ ಅಂದೆ. ಕೂಗಿದೆ.

ಅತ್ತೆ ನಾನು ಕೂತ ಕಡೆ ನೋಡಿದರು, ಅಲ್ಲಿ ಯಾರೂ ಇಲ್ಲವೆಂಬಂತೆ ಬಾಗಿಲ ಕಡೆ ನೋಡಿದರು. "ಈಗಿನ್ನ ಇಲ್ಲೇ ಇದ್ಲಲ್ಲ. ಎಲ್ಲಿ ಹೋದ್ಲು ನಮ್ಮ ಮುಬಾಶಿರಾ?" ಎಂದು ತಮಗೆ ತಾವೇ ಅಂದುಕೊಂಡು ಕೌದಿ ತೊಡೆಯ ಮೇಲೆ ಎಳೆದುಕೊಂಡರು.

ಅತ್ತೆಯ ಸೆರಗು ಎಳೆಯಲು ಪೆನ್ ಕೆಳಗಿಡಬೇಕು. ಕಾಲು ಏಳುತ್ತಿಲ್ಲ. ಪುಟವೂ ಮಸುಕು ಮಸುಕಾಗಿ... ಮೊದಲ ಹೊಲಿಗೆ ಹಾಕಿದರು. ಎರಡನೆಯದು. ಅತ್ತೀ, ನಾನು ಇನ್ನೂ ಒಳಗ