ಎರಡು ಕೀಲಿಕೈಗಳ ಬಾಗಿಲು

ಅಕ್ಟೋಬರ್ 7, ಸೋಮವಾರ

ಮತ್ತೆ ಬಂದು ಹೋಗಿದ್ದಾರೆ. ಕಿಟಕಿ ಬಳಿಯ ಕುರ್ಚಿ ತಿರುಗಿದೆ. ಜೆರೇನಿಯಂಗೆ ನೀರು ಬಿದ್ದಿದೆ. ಕಾದಂಬರಿಯನ್ನು ಬೋರಲಾಗಿ ಇಟ್ಟು ಹೋಗಿದ್ದೆ, ಮುಚ್ಚಿಟ್ಟಿದ್ದಾರೆ. ಯಾವ ಪುಟವೋ ಈಗ.

ಮನೆಯೊಡತಿ ಸಾಯ್ರಾಕನ್. ಮೊಮ್ಮಕ್ಕಳಿದ್ದರೂ ಎಲ್ಲರ ಬಾಯಲ್ಲಿ ‘ಎಜೆ’, ಅಂದರೆ ಅಕ್ಕ. ಬಾಡಿಗೆ ಕರಾರಿನಲ್ಲಿ ಕರೆಂಟಿನ ಮಾತಿದೆ, ಬೆಕ್ಕು ಸಾಕಬಾರದು ಎಂದಿದೆ. ಎಜೆ ತಮ್ಮ ಕೀಲಿಕೈಯಿಂದ ಯಾವಾಗ ಒಳಬರಬಹುದು ಎಂಬುದು ಮಾತ್ರ ಇಲ್ಲ.

ಬೆಟ್ಟದೂರು ನಾರಿನ್‌ನಲ್ಲಿ ಐವರ ಜೊತೆ ಒಂದೇ ಕೋಣೆಯಲ್ಲಿ ಬೆಳೆದವಳು ನಾನು. ಮೂವತ್ತಾರಕ್ಕೆ, ರಾಜಧಾನಿ ಬಿಷ್ಕೆಕ್‌ನಲ್ಲಿ, ಮೊದಲ ಸಲ ನನ್ನದೇ ಒಂದು ಬಾಗಿಲು. ಅದು ನನಗೆ ಬೇಕು.

ಅಕ್ಟೋಬರ್ 12, ಶನಿವಾರ

ಸ್ನಾನವಾಗಿತ್ತು. ಟವೆಲ್ ಸುತ್ತಿಕೊಂಡು, ರೇಡಿಯೋ ಜೋರು ಮಾಡಿ ಕುಣಿಯುತ್ತಿದ್ದೆ. ತಿರುಗಿದರೆ — ಎಜೆ. ಬೂಟು ಬಿಚ್ಚುತ್ತಿದ್ದಾರೆ.

“ನಿಲ್ಲಿಸ್ಬೇಡ ಮಗಳೇ. ಕೋಣೆ ಬೆಚ್ಚಗಿಡೋ ರೇಡಿಯೇಟರ್ ಬಿಸಿ ಇದ್ಯಾ ಅಂತ ನೋಡೋಕೆ ಬಂದೆ.”

“ಈ ಚಳಿಗಾಲಕ್ಕೆ ನಗರದವರು ಇನ್ನೂ ಹೀಟಿಂಗ್ ಬಿಟ್ಟೇ ಇಲ್ವಲ್ಲ ಎಜೆ.”

“ಹ್ಞಾಂ, ಅದಕ್ಕೇ ತಣ್ಣಗಿದೆ.”

ಅಕ್ಟೋಬರ್ 14

ಔಷಧಿ ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಮೆದೆರ್‌ಗೆ ಹೇಳಿದೆ.

“ಬೀಗ ಬದಲಾಯ್ಸು.”

“ಅಮ್ಮನ ವಯಸ್ಸಿನವರ ಮುಖಕ್ಕೆ ಬಾಗಿಲು ಹಾಕೋದಾ?”

“ಹಾಗಾದ್ರೆ ಟವೆಲ್ ಬದಲಾಯ್ಸು. ದೊಡ್ಡದು ತಗೋ.”

ಅಕ್ಟೋಬರ್ 19, ಶನಿವಾರ

ಇವತ್ತು ಎಜೆಗೆ ಹೇಳಿಯೇ ಬಿಡುವುದು ಎಂದುಕೊಂಡೆ. ಬೆಳಿಗ್ಗೆಯಿಂದ ಮಾತು ಜೋಡಿಸಿದ್ದೆ. ಬಂದರು. ನಾನು ಚಹಾ ಬಗ್ಗಿಸುವಾಗ ಅವರು ಹಗ್ಗದ ಮೇಲಿನ ನನ್ನ ಒಳಬಟ್ಟೆ ಮುಟ್ಟಿ ನೋಡುತ್ತಿದ್ದರು. “ಇದೇನು ಇಷ್ಟು ತೆಳು? ಶೀತ ಆಗುತ್ತೆ.” ನನ್ನ ಕಣ್ಣೆಲ್ಲ ಆ ಕೈಯ ಮೇಲೆ. ಬಟ್ಟಲು ಅಂಚಿನವರೆಗೆ ತುಂಬಿಹೋಯಿತು.

ನಮ್ಮಲ್ಲಿ ಅರ್ಧ ಬಟ್ಟಲು ಎಂದರೆ ಕೂತಿರಿ, ಇನ್ನೂ ಬಗ್ಗಿಸುತ್ತೇನೆ ಎಂದು. ತುಂಬಿದ ಬಟ್ಟಲು ಎಂದರೆ ಕುಡಿದು ಹೊರಡಿ ಎಂದು. ಇದನ್ನು ಯಾರಿಗೂ ಯಾರೂ ಕಲಿಸಬೇಕಿಲ್ಲ.

ಎಜೆ ಬಟ್ಟಲು ನೋಡಿದರು. ನನ್ನನ್ನು ನೋಡಿದರು. ನಿಂತೇ ಕುಡಿದರು, ಒಂದು ಚೂರು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು, ಬೂಟು ಮೆಟ್ಟಿ ಹೊರಟರು. ಜೋಡಿಸಿದ ಮಾತು ಹಾಗೇ ಉಳಿಯಿತು.

ಅಕ್ಟೋಬರ್ 29

ಅಂದಿನಿಂದ ಯಾರೂ ಬಂದಿಲ್ಲ. ಪುಸ್ತಕ ಬಿಟ್ಟ ಪುಟದಲ್ಲೇ ಇರುತ್ತದೆ. ದಿನಾ ಸಂಜೆ ಕುಣಿತ. ಬಹಳ ಖುಷಿ... ಜೊತೆಗೆ ನಾಚಿಕೆ. ಹಿರಿಯರನ್ನು ಚಹಾದಿಂದ ಹೊರಹಾಕಿದವಳು.

ಅಕ್ಟೋಬರ್ 31, ಗುರುವಾರ

ಫೋನ್ ಮಾಡಿದೆ.

“ಎಜೆ, ಅವತ್ತು ಆ ಬಟ್ಟಲು...”

“ತುಂಬಿತ್ತು. ನನಗೆ ಕಣ್ಣು ಚೆನ್ನಾಗೇ ಕಾಣುತ್ತೆ.”

“ಕೈತಪ್ಪಿ ಆಯ್ತು.”

“ಮನಸ್ಸಲ್ಲಿ ಇರ್ಲೇ ಇಲ್ವಾ?”

ಅವರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ದನಿ ತಗ್ಗಿಸಿ:

“ಮಗನ ಮನೇಲಿ ನನಗೊಂದು ಕೋಣೆ ಇದೆ. ಬಾಗಿಲಿಲ್ಲ, ಪರದೆ. ಸೊಸೆ, ಮೊಮ್ಮಕ್ಕಳು, ಇಸ್ತ್ರಿ ಬಟ್ಟೆ, ಎಲ್ಲಾ ಒಳಗೇ ಬರ್ತಾವೆ. ನಿನ್ನ ಕಿಟಕಿ ಹತ್ರ ಕೂತ್ರೆ ಯಾರೂ ‘ಅಮ್ಮಾ’ ಅನ್ನಲ್ಲ ಮಗಳೇ. ರೇಡಿಯೇಟರ್ ಯಾರಿಗೆ ಬೇಕು.”

ನನಗೆ ಬೇಕಾದದ್ದೇ ಅವರಿಗೂ ಬೇಕಿತ್ತು.

“ಪ್ರತಿ ಗುರುವಾರ ಮಧ್ಯಾಹ್ನ ಮನೆ ನಿಮ್ದು ಎಜೆ. ಆರು ಗಂಟೆವರೆಗೂ ನಾನು ಬರಲ್ಲ. ಉಳಿದ ದಿನ ಬೆಲ್ ಮಾಡಿ.”

“ನನ್ನ ಮನೇನ ನನಗೇ ಬಾಡಿಗೆಗೆ ಕೊಡ್ತೀಯಾ?”

“ಹೌದು.”

“ಬೆಕ್ಕು ತರಬಹುದಾ?”

“ಇಲ್ಲ ಎಜೆ. ಕರಾರಿನಲ್ಲಿದೆ.”

ನವೆಂಬರ್ 14, ಗುರುವಾರ, ಸಂಜೆ

ಅಂಗಡಿಯ ಬೀದಿಯಲ್ಲಿ ಕರೆಂಟ್ ಹೋಗಿ ಬೇಗ ಮುಚ್ಚಿದೆವು. ಇವತ್ತು ಗುರುವಾರ ಎಂಬುದು ಮರೆತು ನೇರ ಬಂದುಬಿಟ್ಟೆ. ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಎಜೆ ಹಾಡುತ್ತಿದ್ದಾರೆ. ಸಾಲು ತಪ್ಪುತ್ತದೆ, ಒಬ್ಬರೇ ನಗುತ್ತಾರೆ, ಮತ್ತೆ ಮೊದಲಿಂದ.

ಮೇಲಿನ ಮನೆಯಾತ ಆಲೂಗಡ್ಡೆ ಚೀಲ ಹೊತ್ತು ಬಂದ.

“ಕೀ ಕಳ್ಕೊಂಡ್ರಾ?”

“ಇಲ್ಲ, ಕೈಲೇ ಇದೆ.”

“ಮತ್ತೆ?”

“ಒಳಗೆ ಜನ ಇದ್ದಾರೆ.”

ಹಾಡು ನಿಂತಿತು. ಹೆಜ್ಜೆ ಸದ್ದು... ಬಾಗಿಲಿಗಲ್ಲ, ಅಡುಗೆಮನೆಗೆ. ಇನ್ನೊಂದು ಹಾಡು ಶುರು. ಇದೂ ಮುಗಿಯಲಿ. ಆಮೇಲೆ ಬೆಲ್ ಮಾಡುತ್ತೇನೆ.